ಚಾಪೆ ಕಾದವರು

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರೇ, ನಗರಗಳ ಜನನವೃತ್ತಾಂತವನ್ನು ಹೇಳುವವರು ಕುದುರೆಯ ಮೇಲೆ ಕುಳಿತವನಿಂದಲೇ ಕಥೆಯನ್ನು ಆರಂಭಿಸುವುದು ಲೋಕರೂಢಿಯಾಗಿದೆ. ನ್ಯೂವಾ ಮೊಂತಾಲ್ವೊ ಎಂಬ ಈ ನಗರದ ಚೌಕದಲ್ಲಿ ನಿಂತು ಯಾರನ್ನು ಕೇಳಿದರೂ, ಬಾಲ್ತಸಾರ್ ಮೊಂತಾಲ್ವೊ ಎಂಬ ದಳಪತಿಯು ಬರಡು ನೆಲದಲ್ಲಿ ಕತ್ತಿಯನ್ನು ನೆಟ್ಟನೆಂದೂ, ನೆಟ್ಟಲ್ಲಿ ನಗರವು ಚಿಗುರಿತೆಂದೂ ಹೇಳಿಯಾರು. ಆದರೆ ಕತ್ತಿ ನೆಟ್ಟ ಮಾತ್ರಕ್ಕೆ ನೀರು ಬರುವುದಿಲ್ಲ. ನೀರು ಮೊದಲೇ ಇತ್ತು. ನೀರಿನ ಪಕ್ಕದಲ್ಲಿ ಮನುಷ್ಯರಿದ್ದರು, ಅವರ ಒಲೆಯ ಮೇಲೆ ಜೋಳದ ಗಂಜಿ ಕುದಿಯುತ್ತಿತ್ತು. ಈ ಕಥೆಯು ಆ ಒಲೆಯ ಬಳಿಯಿಂದ ಹೊರಡುತ್ತದೆ. ಹೇಳುವವನು ಆ ಜನರ ಕುಲದವನೇ ಆದುದರಿಂದ ಪಕ್ಷಪಾತವಿದ್ದರೆ ಮನ್ನಿಸತಕ್ಕದ್ದು, ಸುಳ್ಳಿದ್ದರೆ ಮನ್ನಿಸತಕ್ಕದ್ದಲ್ಲ.

ಆ ಒಲೆ ಫಾಬಿಯಾನ್ ಸಿಪಾಕ್ ಎಂಬವನ ಮನೆಯದು. ದಕ್ಷಿಣದ ತ್ಲಾಶ್ಕಾಲದಿಂದ ಗಾಡಿ ಕಟ್ಟಿಕೊಂಡು, ಹೆಂಡತಿ ಮಕ್ಕಳು, ಬೀಜದ ಜೋಳ, ಕಳ್ಳಿಯ ಸಸಿ, ಊರದೇವರಾದ ಸಂತನ ಮರದ ವಿಗ್ರಹ ಇವೆಲ್ಲವನ್ನೂ ಹೇರಿಕೊಂಡು ಈ ಒಣಸೀಮೆಗೆ ಬಂದ ಕುಟುಂಬಗಳಿಗೆ ಅವನೇ ಮುಖಂಡ. ಅವರು ಸುಮ್ಮನೆ ಬಂದವರಲ್ಲ. ಕಡಲಾಚೆಯ ಕಸ್ತೀಲಿ ದೇಶದ ರಾಜನು ಮಾತು ಕೊಟ್ಟು ಕಳುಹಿಸಿದವರು. ಉತ್ತರದ ಬೆಟ್ಟಗಾಡಿನ ಅಲೆಮಾರಿಗಳ ನಡುವೆ ಹೋಗಿ ನೆಲೆಯೂರಿರಿ, ಉಳುಮೆ ತೋರಿಸಿಕೊಡಿ; ನಿಮ್ಮ ಊರು ನಿಮ್ಮದು, ನಿಮ್ಮ ನೀರು ನಿಮ್ಮದು, ಕಸ್ತೀಲಿಯ ಯಾವನೂ ನಿಮ್ಮ ನಡುವೆ ಮನೆ ಕಟ್ಟತಕ್ಕದ್ದಲ್ಲ, ನಿಮ್ಮನ್ನು ಬಿಟ್ಟಿ ದುಡಿಸತಕ್ಕದ್ದಲ್ಲ ಎಂಬುದು ಆ ಮಾತು. ಬರಲೊಲ್ಲೆನೆಂದು ಹೊಸಿಲು ಹಿಡಿದು ಕುಳಿತ ಮುದುಕಿಯರನ್ನು ಈ ಮಾತನ್ನು ಮತ್ತೆ ಮತ್ತೆ ಹೇಳಿ ಎಬ್ಬಿಸಿದವನು ಫಾಬಿಯಾನ್. ದಾರಿಯಲ್ಲಿ ಜ್ವರ ಬಂದು ಸತ್ತವರನ್ನು ಮಣ್ಣು ಮಾಡಿದಾಗಲೂ ಉಳಿದವರಿಗೆ ಇದೇ ಮಾತನ್ನು ಹೇಳಿದ್ದನು. ಹೀಗಾಗಿ ರಾಜನ ಮಾತು ಎಷ್ಟರಮಟ್ಟಿಗೆ ರಾಜನದೋ ಅಷ್ಟರಮಟ್ಟಿಗೆ ಅವನದೂ ಆಗಿಬಿಟ್ಟಿತ್ತು. ಅದು ಮುರಿದರೆ ಜನ ನೋಡುವುದು ಕಡಲಾಚೆಯ ರಾಜನ ಮುಖವನ್ನಲ್ಲ.

ತ್ಲಾಶ್ಕಾಲದವರ ನುಡಿಯಲ್ಲಿ ಊರಿಗೆ ‘ನೀರು-ಬೆಟ್ಟ’ ಎಂದೇ ಹೆಸರು. ಬೆಟ್ಟವಿರಬೇಕು, ಅದರ ಬುಡದಲ್ಲಿ ನೀರಿರಬೇಕು. ಗೋಡೆ ಗೋಪುರಗಳೆಲ್ಲ ಆಮೇಲಿನ ಮಾತು. ಬೂದುಬಣ್ಣದ ಬೆಟ್ಟವೊಂದರ ಬುಡದಲ್ಲಿ ಜೊಂಡು ಬೆಳೆದ ಒರತೆಯನ್ನು ಕಂಡೊಡನೆ ಫಾಬಿಯಾನ್ ಗಾಡಿಗಳನ್ನು ನಿಲ್ಲಿಸಿದನು. ಬೆಟ್ಟದ ಮೇಲಿದ್ದ ಅಲೆಮಾರಿಗಳು ಎರಡು ದಿನ ದೂರದಿಂದ ನೋಡಿ, ಮೂರನೆಯ ದಿನ ಒಂದು ಜಿಂಕೆಯನ್ನು ತಂದು ಇಳಿಸಿ, ಬಟ್ಟೆಯನ್ನೂ ಜೋಳವನ್ನೂ ಪಡೆದು, ಒರತೆಯನ್ನು ಬಿಟ್ಟು ಮೇಲಕ್ಕೆ ಸರಿದರು. ಅವರು ಏನನ್ನು ಕೊಟ್ಟು ಹೋದರೆಂದು ಫಾಬಿಯಾನ್ ಆಗ ಯೋಚಿಸಲಿಲ್ಲ. ಯೋಚಿಸುವ ಕಾಲ ಬಂದಾಗ ಅವರನ್ನು ಕೇಳುವುದಕ್ಕೆ ಬಾಯಿ ಇರಲಿಲ್ಲ.

ಊರಿಗೆ ಅಮೆಯಾಲ್ಪನ್ ಎಂದು ಹೆಸರಿಟ್ಟರು. ಒರತೆಯ ಮೇಲಿನ ಊರು ಎಂದರ್ಥ. ಅಲ್ಲಿ ಹುಟ್ಟಿದ ಮೊದಲ ಕೂಸು ಫಾಬಿಯಾನನ ಮಗಳು ಅನಾ. ಪಾದ್ರಿಯು ಅದೇ ಒರತೆಯ ನೀರಿನಿಂದ ಜ್ಞಾನಸ್ನಾನ ಮಾಡಿಸಿದಾಗ ಕೂಸನ್ನು ಎರಡು ಕೈಯಲ್ಲಿ ಎತ್ತಿ ಹಿಡಿದವನು ಹಸಿಂತೊ ತೆಕ್ಪಾ. ಹಾಗೆ ಹಿಡಿದವನು ಮಗುವಿಗೆ ಜ್ಞಾನಪಿತ, ತಂದೆಗೆ ಕಂಪಾದ್ರೆ. ಒಡಹುಟ್ಟಿದವನ ಮೇಲೆ ಮುನಿಸಿಕೊಳ್ಳಬಹುದು, ಕಂಪಾದ್ರೆಯ ಮೇಲೆ ಮುನಿಸಿಕೊಳ್ಳುವಂತಿಲ್ಲ. ಅವರಿಬ್ಬರ ನಡುವೆ ದೇವರ ನೀರು ಬಿದ್ದಿರುತ್ತದೆ.

ಹಸಿಂತೊ ಪಾದ್ರಿಗಳ ಮಠದಲ್ಲಿ ಬೆಳೆದವನು. ಸಣಕಲು ಮೈ, ಚುರುಕು ಕಣ್ಣು, ಕಸ್ತೀಲಿ ಭಾಷೆಯನ್ನು ಕಸ್ತೀಲಿಯವರಿಗಿಂತ ನಯವಾಗಿ ಆಡುವ ನಾಲಿಗೆ. ಬರುವ ದಾರಿಯಲ್ಲಿ ಫಾಬಿಯಾನನಿಗೆ ಜ್ವರ ಬಂದು ಕಣ್ಣು ಮೇಲಾದಾಗ, ಗಾಡಿ ಕುಲುಕಿದರೆ ಜೀವ ಹೋದೀತೆಂದು ಇಡೀ ಒಂದು ಕಣಿವೆಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದವನು ಅವನೇ. ಊರು ಕಟ್ಟಿದ ಮೇಲೆ ಸಂಜೆಯಾದರೆ ಅವನ ಸವಾರಿ ಫಾಬಿಯಾನನ ಅಂಗಳಕ್ಕೆ ಬಂದೇ ಬರುತ್ತಿತ್ತು. ಕೂಸನ್ನು ಎತ್ತಿಕೊಂಡು, “ನೋಡು ಕಂಪಾದ್ರೆ, ನಿನ್ ಮೂಗು ಇವಳಿಗೆ ಬರ್ಲಿಲ್ಲ. ದೇವ್ರು ದೊಡ್ಡೋನು ಕಣಯ್ಯ,” ಎನ್ನುವನು.

ಫಾಬಿಯಾನನ ಹೆಂಡತಿ ಮಗ್ದಲೇನ ಶೋಕೊ ಬೀಸುವ ಕಲ್ಲಿನಿಂದ ತಲೆಯೆತ್ತದೆ, “ನಿಮ್ ನಾಲಿಗೆ ಬರದಿದ್ರೆ ಸಾಕು ಅಂತ ಆ ದೇವ್ರಿಗೇ ಮೇಣದಬತ್ತಿ ಹಚ್ಚಿದೀನಿ,” ಎನ್ನುವಳು. ಮೂವರೂ ನಗುವರು.

ಫಾಬಿಯಾನನಿಗೆ ಕಸ್ತೀಲಿ ಭಾಷೆ ಬಾರದು. ಆದರೆ ಸ್ವಂತ ನುಡಿಯಲ್ಲಿ ಸಭೆಯ ಮಾತನ್ನು ಅವನಂತೆ ಆಡಬಲ್ಲವರು ಆ ಸೀಮೆಯಲ್ಲಿರಲಿಲ್ಲ. ಅಜ್ಜನು ಬೆತ್ತ ಹಿಡಿದು ಕಲಿಸಿದ ಮಾತುಗಳವು: ಮದುವೆಗೊಂದು, ಮಸಣಕ್ಕೊಂದು, ಅತಿಥಿಗೊಂದು. ಅತಿಥಿಯ ಮಾತು ಎಲ್ಲಕ್ಕಿಂತ ಹಿರಿದು. ಬಂದವನು ಎಷ್ಟು ದೊಡ್ಡವನೋ ಅಷ್ಟು ದೊಡ್ಡದಾಗಿ ಮನೆಯವನು ತನ್ನನ್ನು ಇಳಿಸಿಕೊಳ್ಳಬೇಕು. ಈ ನೀರು ನಿಮ್ಮದು, ಬೆಟ್ಟ ನಿಮ್ಮದು, ಚಾಪೆ ನಿಮ್ಮದು, ನಾವು ಬರಿಯ ಕಾವಲಿನವರು ಎನ್ನಬೇಕು. ಅತಿಥಿಯು ಅಷ್ಟನ್ನೂ ಹಿಂದಕ್ಕೆ ಕೊಡಬೇಕು: ಇಲ್ಲ, ನಾನು ಹಾದುಹೋಗುವ ಹಕ್ಕಿ, ಚಾಪೆ ನಿಮ್ಮದೇ, ನೆರಳಿನಲ್ಲಿ ಗಳಿಗೆ ನಿಂತು ಹೋಗುವೆ ಎನ್ನಬೇಕು. ಕೊಟ್ಟದ್ದೂ ಹಿಂದೆ ಬಂದದ್ದೂ ಸರಿಯಾದ ಮೇಲೆ ಇಬ್ಬರೂ ಕುಳಿತು ಉಣ್ಣಬೇಕು. ಹಿಂದಿರುಗಿಸುವ ಮಾತು ಬರುವವರೆಗೆ ಮನೆಯವನು ಕೂರುವಂತಿಲ್ಲ. ಎಸೆದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗುವ ಆಟಗಾರ ಎಲ್ಲಿಯೂ ಇರುವುದಿಲ್ಲವಷ್ಟೆ. ಹಾಗೆಯೇ ಈ ಮಾತನ್ನು ಹಿಂದಿರುಗಿಸದ ಅತಿಥಿಯನ್ನು ತ್ಲಾಶ್ಕಾಲದವರು ಅದುವರೆಗೆ ಕಂಡಿರಲಿಲ್ಲ.

ಹೀಗಿರುವಲ್ಲಿ ದಳಪತಿ ಬಾಲ್ತಸಾರ್ ಮೊಂತಾಲ್ವೊ ಬರುತ್ತಿದ್ದಾನೆಂಬ ಸುದ್ದಿ ಬಂದಿತು. ಬೆಟ್ಟದ ಆಚೆ ಮಗ್ಗುಲಲ್ಲಿ ಬೆಳ್ಳಿಯ ಅದಿರು ಸಿಕ್ಕಿದೆಯೆಂದೂ, ಅದನ್ನು ನೋಡಿಕೊಂಡು ಮುಂದೆ ಹೋಗುವವನೆಂದೂ, ಸಂಗಡ ಕುದುರೆ, ಹಂದಿ, ಹೆಂಗಸರು ಮಕ್ಕಳು ಎಲ್ಲರೂ ಇದ್ದಾರೆಂದೂ ಹಸಿಂತೊ ಕೇಳಿಕೊಂಡು ಬಂದನು. ಮುಂದೆ ಹೋಗುವವರು ಹಂದಿಗಳನ್ನೇಕೆ ಹೊಡೆದುಕೊಂಡು ಬರುತ್ತಾರೆಂದು ಶೋಕೊ ಕೇಳಿದಳು.

ಫಾಬಿಯಾನ್ ರಾಜನ ಕಡೆಯವನಿಗೆ ತಕ್ಕ ಮರ್ಯಾದೆಯಾಗಬೇಕೆಂದು ಹಟ ಹಿಡಿದನು. ಊರಿನ ಹೊಸ ಚಾಪೆಗಳೆಲ್ಲ ಬಂದವು. ಒರಗುವ ಬೆತ್ತದ ಪೀಠಕ್ಕೆ ಹೊಸ ಜೊಂಡು ಕಟ್ಟಿಸಿದನು. ಕೊನೆಗೆ ಹೆಂಡತಿಯ ಗಂಟಿನಲ್ಲಿದ್ದ ಕೋಕೊ ಬೀಜಕ್ಕೆ ಕೈಯಿಟ್ಟನು. ತ್ಲಾಶ್ಕಾಲ ಬಿಟ್ಟ ಮೇಲೆ ಆ ಬೀಜ ಬೇರೆಲ್ಲಿಯೂ ಕಣ್ಣಿಗೆ ಬಿದ್ದದ್ದೇ ಇಲ್ಲ. ಅವಳು ಅದನ್ನು ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು.

“ಅದು ಅನಾ ಮದುವೆಗೆ ಅಂತ ಇಟ್ಟಿದ್ದು,” ಎಂದಳು.

“ರಾಜನ ಕಡೆಯವ್ರು ಕಣೇ.”

“ರಾಜನ ಕಡೆಯವ್ರಾದ್ರೆ ಅವರೇ ತರ್ಲಿ. ನಮ್ಮನೇಲಿ ಯಾಕೆ ಹುಡುಕ್ತಾರೆ?”

ಹಾಗೆಂದರೂ ಕೊಟ್ಟಳು. ತಾನೇ ಹುರಿದು, ಅರೆದು, ನೊರೆ ಬರಿಸಿದಳು. ಇತ್ತ ಫಾಬಿಯಾನನಿಗೆ ಒಂದೇ ಒಂದು ಅಳುಕು. ದಳಪತಿಗೆ ಹಿಂದಿರುಗಿಸುವ ಮಾತು ತಿಳಿದಿರುವುದೇ? ಅದನ್ನು ಹಸಿಂತೊನ ಕಿವಿಗೆ ಹಾಕಿದಾಗ ಅವನು ನಕ್ಕುಬಿಟ್ಟನು. “ಅವನಿಗೆ ಊಟಕ್ಕೆ ಮುಂಚೆ ಕೈ ತೊಳೆಯೋದೇ ಗೊತ್ತಿಲ್ಲ, ಇದೆಲ್ಲಿ ಗೊತ್ತಿರುತ್ತೆ? ನೀನು ಹೇಳು, ನಾನು ಅವನಿಗೆ ಕಸ್ತೀಲೀಲಿ ತಿಳಿಸ್ತೀನಿ. ಆಮೇಲೆ ಅವನ ಪರವಾಗಿ ವಾಪಸ್ ಮಾತು ನಾನೇ ಆಡ್ತೀನಿ. ನಂಗೇನು ಬರಲ್ವಾ? ನಿನ್ ಬಾಯಿಂದಾನೇ ಕೇಳಿ ಕೇಳಿ ಬಾಯಿಪಾಠ ಆಗಿದೆ, ಕಂಪಾದ್ರೆ.”

ಫಾಬಿಯಾನನ ಎದೆ ಹಗುರವಾಯಿತು.

ದಳಪತಿಯು ಬಿಸಿಲೇರುವ ಹೊತ್ತಿಗೆ ಬಂದನು. ಕೆಂಪು ಗಡ್ಡದ ಕುಳ್ಳ ಮನುಷ್ಯ. ಕುದುರೆಯಿಂದ ಇಳಿದ ಮೇಲೂ ಕುದುರೆಯ ಮೇಲಿದ್ದವನಂತೆಯೇ ಕಾಲಗಲಿಸಿ ನಡೆಯುತ್ತಿದ್ದನು. ಚಾಪೆಗಳ ಮುಂದೆ ಊರೆಲ್ಲ ನಿಂತಿತ್ತು. ಹೂವಿನ ಗೊಂಚಲು ಕೊಟ್ಟಾಯಿತು. ಫಾಬಿಯಾನ್ ಮುಂದೆ ಬಂದು, ತಲೆ ಬಾಗಿಸಿ, ಅಜ್ಜನ ಸ್ವರದಲ್ಲಿ ಆರಂಭಿಸಿದನು.

“ದಣಿದು ಬಂದಿರಿ, ದೊರೆಯೇ. ನಿಮ್ಮ ನೀರಿಗೆ, ನಿಮ್ಮ ಬೆಟ್ಟಕ್ಕೆ ಬಂದು ಮುಟ್ಟಿದಿರಿ. ನಿಮ್ಮ ಚಾಪೆ, ನಿಮ್ಮ ಪೀಠ ಇಗೋ ಇಲ್ಲೇ ಇವೆ. ನೀವು ಬರೋ ತನಕ ಒಂದು ಗಳಿಗೆ ನಾವು ಕಾದುಕೊಂಡಿದ್ವಿ, ಅಷ್ಟೆ. ಇನ್ನು ಕೂತುಕೊಳ್ಳಿ. ನಿಮ್ಮದನ್ನು ನೀವು ತಗೊಳ್ಳಿ, ದಣಿವಾರಿಸಿಕೊಳ್ಳಿ.”

ಹಸಿಂತೊ ಅದನ್ನು ಕಸ್ತೀಲಿ ಭಾಷೆಗೆ ತಿರುಗಿಸಿದನು. ದಳಪತಿಯು ಮೊದಲು ಕೇಳಿದನು, ಆಮೇಲೆ ನೋಡಿದನು: ಒರತೆಯನ್ನು, ಕಾಲುವೆಯನ್ನು, ಮೊಳಕಾಲೆತ್ತರದ ಜೋಳವನ್ನು. ನೋಡಿ ಮುಗಿಸಿ, ಒಂದು ಸಣ್ಣ ಮಾತನ್ನಾಡಿ, ಪೀಠದಲ್ಲಿ ಕುಳಿತನು.

ಇನ್ನು ಹಿಂದಿರುಗಿಸುವ ಮಾತು ಬರಬೇಕು. ಫಾಬಿಯಾನ್ ಹಸಿಂತೊನ ಕಡೆಗೆ ನೋಡಿದನು. ಹಸಿಂತೊ ಕೋಕೊ ತುಂಬಿದ ಸೋರೆಬುರುಡೆಯನ್ನು ದಳಪತಿಯ ಕೈಗೆ ಕೊಡುತ್ತಿದ್ದನು. ಕೊಟ್ಟನು, ಪಕ್ಕಕ್ಕೆ ಸರಿದನು, ನೊರೆಯ ವಿಷಯವಾಗಿ ಏನೋ ಹೇಳಿ ದಳಪತಿಯನ್ನು ನಗಿಸಿದನು. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ರೊಟ್ಟಿಯ ಬುಟ್ಟಿಗಳು ಬಂದವು, ಮೆಣಸಿನ ಸಾರು ಬಂದಿತು, ದಳಪತಿ ಉಂಡನು, ಬೆರಳು ನೆಕ್ಕಿದನು. ಆ ಊಟ ಮುಗಿಯುವವರೆಗೂ ಫಾಬಿಯಾನ್ ನಿಂತೇ ಇದ್ದನು. ತನ್ನ ಅಂಗಳದಲ್ಲಿ, ತನ್ನ ಚಾಪೆಯ ಮುಂದೆ, ಬಿಸಿಲಿನಲ್ಲಿ.

ಆಮೇಲೆ ಕೇಳಿದಾಗ ಹಸಿಂತೊ ಹಣೆ ಚಚ್ಚಿಕೊಂಡನು. ದಳಪತಿ ಹಸಿದಿದ್ದನಂತೆ, ಗಡಿಬಿಡಿಯಲ್ಲಿ ಮರೆತೇ ಹೋಯಿತಂತೆ. ಮರೆವು ಮನುಷ್ಯನಿಗಲ್ಲದೆ ಮರಕ್ಕೆ ಬರುವುದೇ ಎಂದು ಫಾಬಿಯಾನ್ ಸಮಾಧಾನ ಮಾಡಿಕೊಂಡನು. ಬೆನ್ನ ಮೇಲೆ ಹೊತ್ತು ಕಣಿವೆ ದಾಟಿಸಿದವನನ್ನು ಒಂದು ಮಾತಿಗಾಗಿ ಶಂಕಿಸುವುದು ನಾಚಿಕೆಗೇಡು ಎಂದೂ ಅಂದುಕೊಂಡನು.

ಮುಂದೆ ಹೋಗುವವರು ಮುಂದೆ ಹೋಗಲಿಲ್ಲ. ಡೇರೆಗಳು ಒರತೆಯ ಸುತ್ತ ಎದ್ದವು. ಹಂದಿಗಳು ನೀರಿನ ಬಾಯಲ್ಲೇ ಹೊರಳಿ ಕೆಸರೆಬ್ಬಿಸಿದವು. ಊರಿನ ಹೆಂಗಸರು ಕೊಡ ಹಿಡಿದು ಕಸ್ತೀಲಿಯ ಹೆಂಗಸರು ಮುಗಿಸುವವರೆಗೆ ಕಾಯುವುದನ್ನು ಕಲಿತರು. ಒಂದು ದಿನ ಕೆಲವರು ಹಗ್ಗ ಹಿಡಿದು ನೆಲದಲ್ಲಿ ಚೌಕ ಎಳೆದರು. ಹಗ್ಗವು ಜೋಳದ ನಡುವೆ ಹಾದುಹೋಯಿತು, ಒಂದೆರಡು ಮನೆಗಳ ಅಂಗಳವನ್ನೂ ದಾಟಿತು. ಪ್ರತಿ ಸಲವೂ ಫಾಬಿಯಾನ್ ಹಸಿಂತೊನನ್ನು ದಳಪತಿಯ ಡೇರೆಗೆ ಕಳುಹಿಸಿದನು. ಪ್ರತಿ ಸಲವೂ ಹಸಿಂತೊ ಒಳ್ಳೆಯ ಮಾತು ತಂದನು. ರಾಜನ ಮಾತು ದಳಪತಿಗೆ ತಿಳಿದಿದೆಯಂತೆ, ಇದೆಲ್ಲ ತಾತ್ಕಾಲಿಕವಂತೆ, ಎಲ್ಲರಿಗೂ ಒಳ್ಳೆಯದೇ ಆಗುವುದಂತೆ. ಬರಬರುತ್ತ ಅವನು ಸಂಜೆಯ ಹೊತ್ತು ಅಂಗಳಕ್ಕೆ ಬರುವುದು ಕಡಿಮೆಯಾಯಿತು. ಒಂದು ದಿನ ಬಂದಾಗ ಅವನ ಕಾಲಲ್ಲಿ ಕಸ್ತೀಲಿಯ ಬೂಟುಗಳಿದ್ದವು.

ಅವನು ಹೋದ ಮೇಲೆ ಶೋಕೊ, “ನಿಮ್ ಕಂಪಾದ್ರೆ ಕಾಲು ಆ ಕಡೆ ಹೋಗಿದೆ. ತಲೆ ಎಷ್ಟು ದಿನ ಈ ಕಡೆ ಇರುತ್ತೆ?” ಎಂದಳು.

ಅವಳು ಬಾಯಿ ಬಡುಕಿಯೆಂದು ಫಾಬಿಯಾನ್ ಗದರಿಸಿದನು. ಹಾಗೆ ಗದರಿಸಿದ್ದಕ್ಕೆ ಮುಂದೆ ಬಹಳ ವರ್ಷ ಅವಳು ಅವನನ್ನು ಚುಚ್ಚದೆ ಬಿಡಲಿಲ್ಲ.

ಹಬ್ಬದ ದಿನವೊಂದರ ಬೆಳಿಗ್ಗೆ ಪೂಜೆ ಮುಗಿದೊಡನೆ ತುತೂರಿ ಊದಿ ಎಲ್ಲರನ್ನೂ ಕರೆದರು. ದಳಪತಿಯು ಉಕ್ಕಿನ ಕವಚ ತೊಟ್ಟು ನಿಂತಿದ್ದನು. ಒರತೆಯ ಪಕ್ಕದಲ್ಲಿ, ಊರದೇವರ ಗುಡಿಗೆಂದು ತ್ಲಾಶ್ಕಾಲದವರು ಬಿಟ್ಟಿದ್ದ ಜಾಗದಲ್ಲಿ, ಒಂದು ಮರದ ಕಂಬವನ್ನು ನೆಟ್ಟಿದ್ದರು. ನ್ಯಾಯದ ಕಂಬ, ಕಳ್ಳರನ್ನು ಕಟ್ಟಿ ಹೊಡೆಯುವುದು ಅಲ್ಲಿಯೇ. ದಳಪತಿಯು ಕತ್ತಿಯಿಂದ ಕಂಬವನ್ನು ಮೂರು ಬಾರಿ ಕಡಿದನು. ಬಗ್ಗಿ ಹುಲ್ಲು ಕಿತ್ತು ಗಾಳಿಗೆ ತೂರಿದನು, ಕಲ್ಲೊಂದನ್ನೆತ್ತಿ ಎಸೆದನು. ಒರತೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನೆಲಕ್ಕೆ ಚೆಲ್ಲಿದನು. ನೆಲವನ್ನು ತನ್ನದಾಗಿಸಿಕೊಳ್ಳುವ ಅವರ ಕ್ರಮ ಅದು. ಕೊನೆಗೆ, ಇದನ್ನು ಅಲ್ಲಗಳೆಯುವವರು ಯಾರಾದರೂ ಇದ್ದಾರೆಯೇ ಎಂದು ಗಟ್ಟಿಯಾಗಿ ಕೇಳಿದನು. ಮೂರು ಬಾರಿ ಕೇಳಬೇಕು. ಮೂರು ಬಾರಿಯೂ ಯಾರೂ ಏಳದಿದ್ದರೆ ನಗರವು ಹುಟ್ಟಿತೆಂದು ಲೆಕ್ಕ.

ಹಸಿಂತೊ ಅದನ್ನು ತಮ್ಮ ನುಡಿಯಲ್ಲಿ ಸಾರಬೇಕಿತ್ತು. ಮೊದಲನೆಯ ಬಾರಿ ಎಷ್ಟು ಮೆಲ್ಲಗೆ ಸಾರಿದನೆಂದರೆ ಮುಂದೆ ನಿಂತ ಇಬ್ಬರಿಗೆ ಮಾತ್ರ ಕೇಳಿಸಿತು. ಎರಡನೆಯ ಬಾರಿ ಅವರಿಗೂ ಕೇಳಿಸಲಿಲ್ಲ. ಆದರೆ ಕೇಳಿಸಿಕೊಂಡವನೊಬ್ಬ ಅದನ್ನು ಹಿಂದಿನವನಿಗೆ ಹೇಳಿದ್ದನು, ಮಾತು ಬಾಯಿಂದ ಬಾಯಿಗೆ ನಡೆದು ಫಾಬಿಯಾನನ ಬಳಿಗೆ ಬಂದಿತ್ತು. ಮೂರನೆಯ ಬಾರಿ ದಳಪತಿಯು ಬಾಯಿ ಮುಚ್ಚುವ ಮುನ್ನವೇ ಅವನು ಕಂಬದ ಮುಂದೆ ಬಂದು ನಿಂತನು.

“ನಾನಿದೀನಿ,” ಎಂದನು.

ರಾಜನು ಕೊಟ್ಟ ಮಾತನ್ನು ಹೇಳಿದನು. ಗಾಡಿಗಳನ್ನು ಹೇಳಿದನು, ದಾರಿಯ ಗೋರಿಗಳನ್ನು ಹೇಳಿದನು. ಮೊದಲ ಬಿತ್ತನೆ, ಮೊದಲ ಕೂಸು, ಊರಿನ ಹೆಸರು ಎಲ್ಲವನ್ನೂ ಹೇಳಿದನು. ಹಸಿಂತೊ ಎಲ್ಲವನ್ನೂ ಕಸ್ತೀಲಿ ಭಾಷೆಗೆ ತಿರುಗಿಸಿದನು. ಅದರಲ್ಲಿ ಮೋಸ ಮಾಡಲಿಲ್ಲ. ದಳಪತಿಗೆ ಸಿಟ್ಟು ಬರಲಿಲ್ಲ. ಅವನು ತಾಳ್ಮೆಯಿಂದ ಕೇಳಿದನು. ಕೇಳಿ ಮುಗಿಸಿ, ದಳಪತಿಯು ಹಸಿಂತೊನ ಕೈಯನ್ನು ಪಾದ್ರಿಯ ಶಿಲುಬೆಯ ಮೇಲೆ ಇರಿಸಿ, ತಾನು ಬಂದ ದಿನ ಈ ಮನುಷ್ಯ ಊರೆಲ್ಲರ ಮುಂದೆ ತನಗೆ ಏನು ಹೇಳಿದನೋ ಅದನ್ನು ಮತ್ತೆ ಹೇಳೆಂದನು.

ಹಸಿಂತೊ ಹೇಳಿದನು. ಮೊದಲು ಅವರ ಭಾಷೆಯಲ್ಲಿ, ಆಮೇಲೆ ತಮ್ಮದರಲ್ಲಿ. ನಿಮ್ಮ ನೀರಿಗೆ, ನಿಮ್ಮ ಬೆಟ್ಟಕ್ಕೆ. ನಿಮ್ಮ ಚಾಪೆ, ನಿಮ್ಮ ಪೀಠ. ಒಂದು ಗಳಿಗೆ ಕಾದುಕೊಂಡಿದ್ದೆವು. ನಿಮ್ಮದನ್ನು ನೀವು ತೆಗೆದುಕೊಳ್ಳಿ. ಒಂದು ಮಾತು ಬಿಡಲಿಲ್ಲ, ಒಂದು ಮಾತು ಸೇರಿಸಲಿಲ್ಲ. ಬಾಯಿಪಾಠವಾಗಿದೆಯೆಂದು ಅವನು ಹೇಳಿದ್ದು ನಿಜವಾಗಿತ್ತು.

ಪಾದ್ರಿಯು ಮುದುಕ; ಈ ಜನರೊಡನೆ ಬಹುಕಾಲ ಬಾಳಿದವನು. ಅವನಿಗೆ ಮನಸ್ಸು ತಡೆಯಲಿಲ್ಲವೋ ಏನೋ, ನಡುವೆ ಬಾಯಿ ಹಾಕಿದನು. ಇದು ಅತಿಥಿಗೆ ಹೇಳುವ ಉಪಚಾರದ ಮಾತಲ್ಲವೇ, ನೀನೂ ಅದೇ ಕುಲದವನು, ನೀನು ಬಲ್ಲೆ, ಇದರ ಅರ್ಥವನ್ನು ಸಭೆಗೆ ಬಿಡಿಸಿ ಹೇಳು ಎಂದು ಎರಡೂ ಭಾಷೆಗಳಲ್ಲಿ ಹಸಿಂತೊನನ್ನು ಕೇಳಿದನು.

ಬಾಗಿಲು ತೆರೆದಿತ್ತು. ಕಾಲಿಟ್ಟರೆ ಸಾಕಿತ್ತು. ಫಾಬಿಯಾನನಿಗೆ ಉಸಿರು ಹಿಂತಿರುಗಿತು. ಅವನು ತನ್ನ ಕಂಪಾದ್ರೆಯ ಕಡೆಗೆ ಮುಗುಳ್ನಕ್ಕನು ಕೂಡ.

ಹಸಿಂತೊ ಶಿಲುಬೆಯ ಮೇಲಿನ ಕೈಯನ್ನು ತೆಗೆಯದೆ, “ನಮ್ ಹಿರಿಯರು ಸಭೇಲಿ ನಿಂತು ಸುಳ್ಳಾಡೋರಲ್ಲ, ಸ್ವಾಮಿ. ಏನಂದ್ರೋ ಅದೇ,” ಎಂದನು.

ಕಸ್ತೀಲಿ ಭಾಷೆಯಲ್ಲಿ ಹೇಳಿದ್ದನ್ನು ತಮ್ಮವರಿಗಾಗಿ ಮತ್ತೊಮ್ಮೆ ತಮ್ಮ ನುಡಿಯಲ್ಲಿ ಹೇಳುವುದು ಅವನ ಕೆಲಸವಾಗಿತ್ತು. ಆದುದರಿಂದ ಆ ಮಾತನ್ನು ಅವನು ಎರಡು ಸಲ ಆಡಿದನು. ಒಂದನೆಯದು ಫಾಬಿಯಾನನಿಗೆ ತಿಳಿಯಲಿಲ್ಲ, ಎರಡನೆಯದು ತಿಳಿಯಿತು.

“ಹಸಿಂತೊ,” ಎಂದನು ಫಾಬಿಯಾನ್. ಕಂಪಾದ್ರೆ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನನ್ ಮುಖ ನೋಡಿ ಹೇಳು.”

ಹಸಿಂತೊ ತನ್ನ ಬೂಟುಗಳನ್ನು ನೋಡಿದನು.

ಅದು ಬರಿಯ ಮರ್ಯಾದೆಯ ಮಾತೆಂದು ಫಾಬಿಯಾನ್ ಕೂಗಿ ಹೇಳಿದನು. ಹಾಗಾದರೆ ದೇವರ ಮುಂದೆ, ಅನ್ನದ ಮುಂದೆ ರಾಜನ ಅಧಿಕಾರಿಗೆ ಸುಳ್ಳು ಹೇಳಿದೆಯಾ ಎಂದು ದಳಪತಿಯು ಶಾಂತವಾಗಿ ಕೇಳಿದನು. ಹೌದೆಂದರೆ ಅಜ್ಜನ ಮಾತು ಸುಳ್ಳಾಗುತ್ತದೆ, ಅಲ್ಲವೆಂದರೆ ಊರು ಹೋಗುತ್ತದೆ. ಕಂಬವು ಪಕ್ಕದಲ್ಲಿಯೇ ಇತ್ತು, ಸುಳ್ಳುಗಾರರಿಗೂ ಅದೇ ಕಂಬ. ಹಿಂದೆ ನಿಂತ ತನ್ನ ಜನ ಏನಾದರೂ ಹೇಳುವರೆಂದು ಫಾಬಿಯಾನ್ ಕಾದನು. ಅವರು ಅವನ ಮುಖವನ್ನೇ ನೋಡುತ್ತಿದ್ದರು. ರಾಜನ ಮಾತನ್ನು ಹೇಳಿ ಹೊಸಿಲಿನಿಂದ ಎಬ್ಬಿಸಿ ತಂದ ಆ ಮುದುಕಿಯರೂ ನೋಡುತ್ತಿದ್ದರು.

ಅವನು ಬಾಯಿ ತೆರೆಯಲಿಲ್ಲ. ದಳಪತಿಯು ಸಾಕಷ್ಟು ಹೊತ್ತು ಕಾದು, ಕತ್ತಿಯನ್ನೆತ್ತಿ, ಈ ನಗರಕ್ಕೆ ನ್ಯೂವಾ ಮೊಂತಾಲ್ವೊ ಎಂದು ತನ್ನ ಮನೆತನದ ಹೆಸರನ್ನಿಟ್ಟನು. ಕೋವಿಗಳು ಹಾರಿದವು. ಹೆಸರಿಗೆ ಅನುವಾದವಿಲ್ಲ, ಹಸಿಂತೊ ಅದನ್ನು ಹಾಗೆಯೇ ಸಾರಿದನು, ಈ ಬಾರಿ ಎಲ್ಲರಿಗೂ ಕೇಳಿಸುವಂತೆ.

ತ್ಲಾಶ್ಕಾಲದವರಿಗೆ ಒರತೆಯ ಕೆಳಗಡೆ ಒಂದು ಕೇರಿಯನ್ನು ಬಿಟ್ಟುಕೊಟ್ಟರು. ನಗರದವರು ತೆಗೆದುಕೊಂಡು ಉಳಿದ ನೀರು ಅವರದು. ವಾರದ ಇಂತಿಷ್ಟು ದಿನ ಬೆಳ್ಳಿಯ ಗುಂಡಿಗಳಲ್ಲಿ ದುಡಿಯಬೇಕೆಂಬುದನ್ನು ಆಮೇಲೆ ಹೇಳಿದರು. ಚೌಕದ ಮೂಲೆಗೆ ಹತ್ತಿದಂತೆ ಒಳ್ಳೆಯದೊಂದು ನಿವೇಶನ ಹಸಿಂತೊನಿಗೆ ಸಿಕ್ಕಿತು. ಅವನ ಹೆಸರಿನ ಮುಂದೆ ‘ಡಾನ್’ ಎಂಬ ಕಸ್ತೀಲಿಯ ಗೌರವದ ಬಿರುದು ಸೇರಿತು. ಆ ನಿವೇಶನಕ್ಕೆ ಬೆನ್ನು ತಾಗಿದ ಮನೆಯೇ ಫಾಬಿಯಾನನದು. ದಳಪತಿಯು ದೊಡ್ಡ ಮನಸ್ಸು ಮಾಡಿ ಅದನ್ನು ಕೆಡವಿಸದೆ ಬಿಟ್ಟಿದ್ದನು.

ಭಾನುವಾರದ ಮಧ್ಯಾಹ್ನ ಹಸಿಂತೊ ಆ ಮನೆಗೆ ಬಂದನು. ಅನಾಳಿಗೆಂದು ತಂದ ಕೆಂಪು ಶಾಲನ್ನು ಅವಳ ಕೈಗಿತ್ತನು. ಅಂಗಳದಲ್ಲಿಯೇ ನಿಂತು ಬಹಳ ಮಾತಾಡಿದನು. ನಾನು ಹೇಳಲಿ ಬಿಡಲಿ, ಅವರು ತೆಗೆದುಕೊಳ್ಳುವುದನ್ನು ತೆಗೆದುಕೊಂಡೇ ತೀರುತ್ತಿದ್ದರು ಎಂದನು. ನಮ್ಮವನೊಬ್ಬ ಒಳಗಿದ್ದರೆ ನಮಗೇ ಅನುಕೂಲ ಎಂದನು. ಕೇರಿಗೆ ಇನ್ನಷ್ಟು ನೀರು ಬಿಡಿಸಿಕೊಡುತ್ತೇನೆ ಎಂದನು. ಕೊನೆಗೆ ಧ್ವನಿಯಿಳಿಸಿ, “ನಿನ್ನ ಬೆನ್ ಮೇಲೆ ಹೊತ್ತೋನು ನಾನು, ಕಂಪಾದ್ರೆ. ಅದನ್ನಾದ್ರೂ ನೆನಪಿಟ್ಕೊ,” ಎಂದನು.

“ಅದನ್ನೇ ಮರೆಯೋಕಾಗ್ತಿಲ್ಲ,” ಎಂದನು ಫಾಬಿಯಾನ್.

ಅವನು ಒಳಗೆ ಹೋಗಿ ಮನೆಯ ಹೊಸ ಚಾಪೆಯನ್ನು ತಂದು ನಡುಮನೆಯಲ್ಲಿ ಹಾಸಿದನು. ಬೆತ್ತದ ಪೀಠವನ್ನು ಅದರ ಮೇಲಿಟ್ಟನು. ಹಸಿಂತೊನನ್ನು ಕೈಹಿಡಿದು ಹೊಸಿಲೊಳಗೆ ಕರೆತಂದು, ಎದುರಿಗೆ ನಿಂತು, ತಲೆ ಬಾಗಿಸಿದನು. “ದಣಿದು ಬಂದಿರಿ, ದೊರೆಯೇ,” ಎಂದು ಆರಂಭಿಸಿ, ನೀರು, ಬೆಟ್ಟ, ಚಾಪೆ, ಪೀಠ ಎಲ್ಲವನ್ನೂ ಅಜ್ಜ ಕಲಿಸಿದ ಕ್ರಮದಲ್ಲಿ ಅರ್ಪಿಸಿದನು. ದಳಪತಿಗೆ ಹೇಳಿದ್ದಕ್ಕಿಂತ ಒಂದು ಸ್ವರವೂ ಕಡಿಮೆಯಿರಲಿಲ್ಲ.

ಹಸಿಂತೊನ ಮುಖ ಬಿಳಿಚಿತು. ಅವನಿಗೆ ಅರ್ಥವಾಯಿತು. ತಡವರಿಸುತ್ತ, “ಇಲ್ಲ, ಇಲ್ಲ. ನಾನು ಹಾದುಹೋಗೋ ಹಕ್ಕಿ. ಚಾಪೆ ನಿಮ್ದು, ಪೀಠ ನಿಮ್ದು. ನೆರಳಲ್ಲಿ ಗಳಿಗೆ ನಿಂತು ಹೋಗೋನು ನಾನು,” ಎಂದನು. ಚೆನ್ನಾಗಿಯೇ ಹೇಳಿದನು, ಕಣ್ಣಲ್ಲಿ ನೀರೂ ಇತ್ತು.

“ಎಷ್ಟ್ ಚೆನ್ನಾಗಿ ಬರುತ್ತೆ ನಿಂಗೆ,” ಎಂದನು ಫಾಬಿಯಾನ್. “ಅವತ್ತು ಆಡ್ಬೇಕಿತ್ತು. ನಮ್ ಹಿರಿಯರು ಸುಳ್ಳಾಡೋರಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದೀಯ. ನನ್ ಮಗಳ ಜ್ಞಾನಪಿತ ನೀನು, ನಿನ್ನ ಆಣೆ ಸುಳ್ಳಾಗೋದು ನಂಗೆ ಬೇಡ. ಮನೆ ನಿಂದು. ನಾವು ಒಂದು ಗಳಿಗೆ ಕಾದುಕೊಂಡಿದ್ವಿ, ಅಷ್ಟೆ.”

ಹಿತ್ತಲಲ್ಲಿ ಗಂಟುಮೂಟೆಗಳು ಬೆಳಗಿನಿಂದಲೇ ಸಿದ್ಧವಾಗಿದ್ದವೆಂಬುದನ್ನು ಹಸಿಂತೊ ಆಗ ಕಂಡನು. ಶೋಕೊ ಬೀಸುವ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಅವಳು ಅನಾಳನ್ನು ಕೈಹಿಡಿದು ಅವನ ಪಕ್ಕದಲ್ಲಿ ಹಾದುಹೋಗುವಾಗ, ಶಾಲನ್ನು ಮಗುವಿನ ಕೈಯಿಂದ ಬಿಡಿಸಿ ಪೀಠದ ಮೇಲೆ ಇಟ್ಟಳು. ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಅದನ್ನು ಆರಿಸುವುದು ಮನೆಯವರ ಕೆಲಸವೆಂದು ಅವಳು ಹಾಗೆಯೇ ಬಿಟ್ಟಳು.

ಅವರ ಹಿಂದೆ ಎಲ್ಲರೂ ಹೊರಟರೆಂದು ಹೇಳಿದರೆ ಕೇಳಲು ಚೆನ್ನಾಗಿರುತ್ತಿತ್ತು. ಹೊರಡಲಿಲ್ಲ. ಜೋಳ ತೆನೆಗಟ್ಟುತ್ತಿತ್ತು, ಹೆ‍ಚ್ಚಿನವರು ಕೇರಿಯಲ್ಲೇ ಉಳಿದರು, ಕೆಲವರು ಫಾಬಿಯಾನನನ್ನು ನೋಡಿ ಬಾಗಿಲು ಹಾಕಿಕೊಂಡರು. ಊರದೇವರ ವಿಗ್ರಹವನ್ನೂ ಕೊಡಲೊಪ್ಪಲಿಲ್ಲ. ಸಂಗಡ ಬಂದವರು ಬೆರಳೆಣಿಕೆಯ ಮನೆಗಳವರು. ಅವರು ಬಡಗಣಕ್ಕೆ ಬಹುದೂರ ನಡೆದು, ಉಪ್ಪುನೀರಿನ ಹಳ್ಳವೊಂದರ ದಡದಲ್ಲಿ ನಿಂತರು. ಊರಿಗೆ ಏನು ಹೆಸರಿಡೋಣವೆಂದು ಕೇಳಿದಾಗ ಫಾಬಿಯಾನ್ ಬೇಡವೆಂದನು. ಹೆಸರಿಟ್ಟರೆ ಬರುವವರಿಗೆ ದಾರಿ ತಿಳಿಯುತ್ತದೆ ಎಂದನು.

ಹಸಿಂತೊ ಆ ಚಾಪೆಯ ಮೇಲೆ ಒಂದು ದಿನವೂ ಮಲಗಲಿಲ್ಲ, ಕೊರಗಿ ಕೊರಗಿ ಸತ್ತನು ಎಂದು ನಮ್ಮ ಅಜ್ಜಿಯರು ಹೇಳುವುದುಂಟು. ನಾನು ವಿಚಾರಿಸಿದ ಮಟ್ಟಿಗೆ ಅವನು ಎರಡು ಮನೆಗಳ ನಡುವಿನ ಗೋಡೆ ಒಡೆಸಿ, ಒಂದಾಗಿ ಮಾಡಿಕೊಂಡು, ಮೊಮ್ಮಕ್ಕಳನ್ನು ಕಂಡು, ಸುಖವಾಗಿಯೇ ಹೋದನು. ನಮ್ಮವರಲ್ಲಿ ಮಾತ್ರ ಒಂದು ವಿಚಿತ್ರ ಪದ್ಧತಿ ಉಳಿದಿದೆ. ಅತಿಥಿಗಳು ಬಂದರೆ ಮೊದಲು ಮನೆಯ ಯಜಮಾನ ಚಾಪೆಯ ಮೇಲೆ ಗಟ್ಟಿಯಾಗಿ ಕುಳಿತುಕೊಳ್ಳುತ್ತಾನೆ. ಆಮೇಲೆ “ಬನ್ನಿ” ಎನ್ನುತ್ತಾನೆ. ಅದಕ್ಕಿಂತ ಹೆಚ್ಚಿನ ಮಾತಿಲ್ಲ. ಪರಸ್ಥಳದವರು ಇದನ್ನು ಒರಟುತನವೆಂದು ಭಾವಿಸುತ್ತಾರೆ.

ನ್ಯೂವಾ ಮೊಂತಾಲ್ವೊದ ಗಂಟೆ ಬಡಿಯುತ್ತಿದೆ, ಹೇಸರಗತ್ತೆಗೆ ನೀರು ಕುಡಿಸಿಯಾಗಿದೆ. ನಾನು ಇಳಿದುಕೊಂಡಿರುವ ಈ ಛತ್ರದ ಯಜಮಾನ ಒಳ್ಳೆಯವನು. ಬಿಸಿಲಿಳಿಯಲಿ, ಇದು ನಿಮ್ಮದೇ ಮನೆ ಅಂದುಕೊಂಡು ಇನ್ನೊಂದು ದಿನ ಇದ್ದು ಹೋಗಿ ಎಂದು ಈಗ ತಾನೇ ಬಾಗಿಲಲ್ಲಿ ನಿಂತು ಹೇಳಿದನು. ನಾನು ಹಾದುಹೋಗುವ ಹಕ್ಕಿಯೆಂದು ಅವನಿಗೆ ಉತ್ತರ ಕೊಟ್ಟು, ನನ್ನ ಚಾಪೆಯನ್ನು ಸುತ್ತಿ, ಹಗ್ಗದಿಂದ ಬಿಗಿದು, ಹೇಸರಗತ್ತೆಯ ಬೆನ್ನಿಗೆ ಹೇರಿ, ಬಡಗಣದ ದಾರಿ ಹಿಡಿಯುತ್ತಿದ್ದೇನೆ.